ನಮಗೆ ಸಿಕ್ಕಿದ್ದು ಪಾಲಲ್ಲ, ಸಹಿ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ, ವಂಶವೃಕ್ಷ ಮತ್ತು ಪೌತಿ ಖಾತೆ ಬಗ್ಗೆ.

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 26 ವರ್ಷದಿಂದ ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದೇನೆ. ಏನೇ ಕೊಟ್ಟರೂ ಓದಿ ಆಮೇಲೆ ಸಹಿ ಹಾಕಬೇಕು ಅಂತ ಅವರಿಗೆ ಹೇಳುವವಳೂ ನಾನೇ. ಹೋದ ವರ್ಷ ನಾನು 8 ಪುಟದ ಒಂದು ಪತ್ರಕ್ಕೆ, ಒಂದು ಸಾಲನ್ನೂ ಓದದೆ, ಪುಟಕ್ಕೊಂದರಂತೆ ಸಹಿ ಹಾಕಿ ಬಂದೆ. ಅಲ್ಲಿಗೆ ಅಪ್ಪನ 6 ಎಕರೆಯಲ್ಲಿ ನನ್ನದಾಗಿದ್ದ 2 ಎಕರೆ ಹೋಯಿತು. ನನ್ನ ತಂಗಿಯ 2 ಎಕರೆಯೂ ಅದೇ ದಿನ, ಅದೇ ಮೇಜಿನ ಮೇಲೆ ಹೋಯಿತು.

ಇದನ್ನು ನನ್ನ ಮನೆ ಜಗಳ ಅಂದುಕೊಳ್ಳಬೇಡಿ. ತಮ್ಮನ ಮೇಲೆ ದೂರು ಹೇಳುವುದಕ್ಕೆ ನಾನು ಬರೆಯುತ್ತಿಲ್ಲ. ಅಪ್ಪ ಮಲಗಿದ ಮೇಲೆ ಎರಡು ವರ್ಷ ಅವರನ್ನು ಎತ್ತಿ ಕೂರಿಸಿ, ತೊಳೆದು ಬಳಿದು ನೋಡಿಕೊಂಡವರು ಅವನು ಮತ್ತು ಅವನ ಹೆಂಡತಿ. ತೆಂಗಿಗೆ ನುಸಿ ಬಿದ್ದು ಕಾಯಿ ಉದುರಿದಾಗ ಸಾಲ ಮಾಡಿದವನೂ ಅವನೇ. ಅದನ್ನೆಲ್ಲ ನಾನು ಮರೆತಿಲ್ಲ. ನನ್ನ ದೂರು ಇರುವುದು ತಮ್ಮ ಇಲಾಖೆಯ ಎರಡು ಮೇಜುಗಳ ಬಗ್ಗೆ. ಒಂದು, ವಂಶವೃಕ್ಷ ಬರೆಯುವ ಮೇಜು. ಇನ್ನೊಂದು, ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡುವ ಮೇಜು. ಮಗಳಿಗೂ ಸಮಪಾಲು ಅಂತ ಸುಪ್ರೀಂ ಕೋರ್ಟ್ ಕೊಟ್ಟಿದ್ದನ್ನು ಈ ಎರಡು ಮೇಜುಗಳು ಹೇಗೆ ವಾಪಸ್ ತೆಗೆದುಕೊಳ್ಳುತ್ತವೆ ಅಂತ ನಾನು ಕಂಡಂತೆ ಹೇಳುತ್ತೇನೆ.

ಅಪ್ಪ 2021ರಲ್ಲಿ ತೀರಿಕೊಂಡರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಜಮೀನು ತಾತನ ಕಾಲದ್ದು. 4 ಎಕರೆ ಹೊಲ, 2 ಎಕರೆ ತೆಂಗಿನ ತೋಟ. ನಾವು ಮೂರು ಜನ ಮಕ್ಕಳು. ನಾನು ದೊಡ್ಡವಳು, ಆಮೇಲೆ ತಮ್ಮ, ಕೊನೆಗೆ ತಂಗಿ. ಪಹಣಿ ಮೂರು ವರ್ಷ ಅಪ್ಪನ ಹೆಸರಲ್ಲೇ ಇತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೋರ್‌ವೆಲ್ ಬತ್ತಿತು. ಹೊಸದು ಕೊರೆಸಲು ತಮ್ಮನಿಗೆ ಬ್ಯಾಂಕ್ ಸಾಲ ಬೇಕಾಯಿತು. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿದ. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷ ಬಂತು. ಅದರಲ್ಲಿ ಅಪ್ಪ, ಅಪ್ಪನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ತಮ್ಮ. ಅಷ್ಟೇ. ನಾನು, ತಂಗಿ ಆ ಮರದಲ್ಲಿ ಒಂದು ಎಲೆಯೂ ಆಗಿರಲಿಲ್ಲ.

ಸ್ಥಳ ತನಿಖೆಗೆ ಬಂದವರು ಕೇಳಿದ್ದಾರೆ, "ಹೆಣ್ಣುಮಕ್ಕಳು ಇದ್ದಾರಾ?" ಯಾರೋ ಹೇಳಿದ್ದಾರೆ, "ಇದ್ದಾರೆ, ಮದುವೆ ಮಾಡಿ ಕೊಟ್ಟಾಯ್ತು." ಅಲ್ಲಿಗೆ ತನಿಖೆ ಮುಗಿದಿದೆ. ಅವರು ಲಂಚ ತಗೊಂಡರು ಅಂತ ನಾನು ಹೇಳುತ್ತಿಲ್ಲ. ಊರಲ್ಲಿ ಅದು ತಪ್ಪು ಅಂತಲೇ ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಕಡೆ ಅವರನ್ನು ಈಗಲೂ ಶ್ಯಾನುಭೋಗರು ಅಂತಲೇ ಕರೆಯುತ್ತಾರೆ. ಹುದ್ದೆಯ ಹೆಸರು ಎರಡು ಸಲ ಬದಲಾಗಿದೆ, ಗೆರೆ ಎಳೆಯುವ ರೀತಿ ಹಳೆಯದೇ.

ನಮ್ಮನ್ನು ಹುಡುಕಿದ್ದು ಯಾರು ಗೊತ್ತಾ? ಬ್ಯಾಂಕಿನ ವಕೀಲರು. ಕಾಗದ ಪತ್ರ ನೋಡಿದ ಅವರು ತಮ್ಮನನ್ನು ಕೇಳಿದರಂತೆ, "ನಿಮಗೆ ಅಕ್ಕತಂಗಿಯರು ಇಲ್ವಾ? ಇದ್ದರೆ ಅವರ ಸಹಿ ಬೇಕು. ಇಲ್ಲಾಂದ್ರೆ ನಾನು ಒಪ್ಪಿಗೆ ಕೊಡಲ್ಲ."

ಆ ವರ್ಷ ಗೌರಿ ಹಬ್ಬಕ್ಕೆ ತಮ್ಮ ತಾನೇ ಬಾಗಿನ ಹಿಡಿದು ಬಂದ. ಮಾಮೂಲಿಯಾಗಿ ಯಾರ ಕೈಲಾದರೂ ಕಳಿಸುತ್ತಿದ್ದ. ಸೀರೆಯೂ ಒಂದು ಕೈ ಮೇಲೇ ಇತ್ತು. ಮನೆ ಬಿಟ್ಟು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ, "ಅಕ್ಕ, ಗುರುವಾರ ಒಂದು ಸಹಿ ಇದೆ. ಸುಮ್ನೆ ಬ್ಯಾಂಕಿನವರಿಗೆ."

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ನಾನು ವಕೀಲೆಯಲ್ಲ. ಸಹಿ ಹಾಕಿದ ಮೇಲೆ ಓದಿ ತಿಳಿದುಕೊಂಡವಳು. ಕಳ್ಳ ಹೋದ ಮೇಲೆ ಬೀಗ ಕೊಂಡ ಹಾಗೆ.

ಹುಟ್ಟಿದ ಕೂಡಲೇ ಗಂಡುಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಬರುತ್ತದೆ ಅನ್ನುವ ನಿಯಮ ಮಿತಾಕ್ಷರ ಎಂಬ ಹಳೆಯ ಧರ್ಮಶಾಸ್ತ್ರ ಗ್ರಂಥದ್ದು. ಅದನ್ನು ಬರೆದ ವಿಜ್ಞಾನೇಶ್ವರರು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವರು. ಆ ಕಲ್ಯಾಣವೇ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ದೇಶದ ಬಹುಪಾಲು ಹಿಂದೂ ಕುಟುಂಬಗಳನ್ನು ಒಂಬತ್ತು ಶತಮಾನ ಆಳಿದ ನಿಯಮ ನಮ್ಮ ನೆಲದಲ್ಲೇ ಬರೆಯಲ್ಪಟ್ಟಿತು. ಅದನ್ನು ಮೊದಲು ಸಡಿಲಿಸಿದವರಲ್ಲೂ ನಾವಿದ್ದೇವೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ಮಾಡಿತು. ಮನೆ ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳು ಇವರಿಗೂ ಒಂದು ಭಾಗ ಇಡಬೇಕು ಅಂದಿತು. ಸಮಪಾಲಲ್ಲ, ನಿಜ. ಆದರೆ ಬ್ರಿಟಿಷ್ ಇಂಡಿಯಾ ವಿಧವೆಯರಿಗೆ ಅಂತ ಕಾನೂನು ತಂದದ್ದು 1937ರಲ್ಲಿ, ಇದಾಗಿ ನಾಲ್ಕು ವರ್ಷಕ್ಕೆ. ನಮ್ಮ ಊರು ಆಗ ಮೈಸೂರು ಸಂಸ್ಥಾನದಲ್ಲೇ ಇತ್ತು. ನನ್ನ ಅಜ್ಜಿಗೆ ಈ ಕಾಯ್ದೆಯ ಸುದ್ದಿ ಬಂದಿತ್ತೋ ಇಲ್ಲವೋ, ಹೇಳಲು ಈಗ ಅವರಿಲ್ಲ.

ಆಮೇಲಿನ ಕಥೆಯಲ್ಲೂ ಒಬ್ಬ ಮಂಗಳೂರಿನವರು ಬರುತ್ತಾರೆ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ಹಿಂದೂ ಕಾನೂನನ್ನು ಒಂದು ರೂಪಕ್ಕೆ ತರಲು 1941ರಲ್ಲಿ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು. ಆ ಕೆಲಸವೇ ಮುಂದೆ ಅಂಬೇಡ್ಕರ್ ಅವರ ಕೈಯಲ್ಲಿ ಹಿಂದೂ ಕೋಡ್ ಬಿಲ್ ಆಯಿತು. ಬಿಲ್ಲು ಸಂಸತ್ತಿನಲ್ಲಿ ಮುಂದೆ ಹೋಗಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಕಾನೂನು ಮಂತ್ರಿ ಸ್ಥಾನ ಬಿಟ್ಟರು. ಬೇರೆ ಕಾರಣಗಳೂ ಇದ್ದವು, ಆದರೆ ದೊಡ್ಡ ನೋವು ಇದೇ. ಸಂವಿಧಾನ ಬರೆದ ಕೈಗೆ ಮಗಳಿಗೊಂದು ಪಾಲು ಬರೆದುಕೊಡಲು ಆಗಲಿಲ್ಲ. ತುಂಡು ತುಂಡಾಗಿ ಬಂದ ಕಾನೂನುಗಳಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು. ಅದು ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಮಾತ್ರ ಗಂಡಿಗೇ ಉಳಿಯಿತು. ಹಳ್ಳಿಯಲ್ಲಿ ಸ್ವಂತ ಆಸ್ತಿ ಅನ್ನುವುದು ಎಷ್ಟು ಜನಕ್ಕಿದೆ ಹೇಳಿ? ಇರುವುದೆಲ್ಲ ತಾತನದ್ದೇ ಅಲ್ವಾ?

ಆಂಧ್ರ, ತಮಿಳುನಾಡು ಆದ ಮೇಲೆ ನಮ್ಮ ರಾಜ್ಯವೂ ಒಂದು ತಿದ್ದುಪಡಿ ತಂದಿತು. ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಅಂದಿತು. ಆದರೆ ಒಂದು ಷರತ್ತು. ಕಾನೂನು ಬರುವ ಮುಂಚೆ ಮದುವೆಯಾಗಿ ಹೋದವರಿಗೆ ಇಲ್ಲ. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ನನ್ನ ಮದುವೆ 1993ರ ಮೇ ತಿಂಗಳಲ್ಲಿ. ತಂಗಿಯದು 1996ರಲ್ಲಿ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರಲ್ಲಿ ಅವಳಿಗೆ ಹಕ್ಕು ಬಂತು, ನನಗೆ ಬರಲಿಲ್ಲ. 14 ತಿಂಗಳು ಮುಂಚೆ ಹಸೆಮಣೆ ಏರಿದ್ದಕ್ಕೆ 11 ವರ್ಷ ನಾನು ಹೊರಗಿನವಳು. ತಮಾಷೆ ಅಂದರೆ ಆ ಕಾಯ್ದೆಯ ಹೆಸರಲ್ಲೇ 1990 ಅಂತಿದೆ. 1990ರಲ್ಲೇ ಜಾರಿಯಾಗಿದ್ದರೆ ನಾನೂ ಒಳಗೆ ಇರುತ್ತಿದ್ದೆ. ನಾಲ್ಕು ವರ್ಷ ಆ ಕಡತ ಯಾವ್ಯಾವ ಮೇಜಿನ ಮೇಲೆ ಕೂತಿತ್ತೋ, ಅಷ್ಟರಲ್ಲಿ ನಮ್ಮಪ್ಪ ನನ್ನ ಮದುವೆ ಮಾಡಿ ಮುಗಿಸಿದ್ದರು.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆಯಾಗಿದ್ದರೂ ಮಗಳೇ, ಪಾಲು ಸಮ ಅಂತಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಏನು ಅನ್ನುವ ಪ್ರಶ್ನೆ ಬಂತು. ಬೆಳಗಾವಿಯಲ್ಲಿ ಒಬ್ಬ ಹೆಣ್ಣುಮಗಳು 1992ರಲ್ಲಿ ಹಾಕಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2015ರ ಅಕ್ಟೋಬರಿನಲ್ಲಿ. 23 ವರ್ಷ. ಪ್ರಕಾಶ್ ವಿರುದ್ಧ ಫುಲಾವತಿ ಅಂತ ವಕೀಲರು ಹೇಳುವ ಪ್ರಕರಣ ಅದು. ಕಾನೂನು ಬಂದ ದಿನ ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂದಿತು ಕೋರ್ಟ್. 2018ರಲ್ಲಿ ಕರ್ನಾಟಕದಿಂದಲೇ ಹೋದ ಇನ್ನೊಂದು ಪ್ರಕರಣದಲ್ಲಿ, 2001ರಲ್ಲೇ ತೀರಿಕೊಂಡ ಅಪ್ಪನ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಒಂದಕ್ಕೊಂದು ಕೂಡಲಿಲ್ಲ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅದಕ್ಕೆ ಅಪ್ಪ ಆ ದಿನ ಬದುಕಿದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಅಂತ. "ಬಾಯಿಮಾತಲ್ಲೇ ಪಾಲಾಗಿತ್ತು" ಅನ್ನುವ ನೆಪವನ್ನೂ ಸುಲಭಕ್ಕೆ ಒಪ್ಪಬೇಡಿ, ನಂಬಬಹುದಾದ ಸರ್ಕಾರಿ ದಾಖಲೆ ಇರಬೇಕು ಅಂದಿತು. ಬಾಕಿ ಇರುವ ಇಂಥ ಪ್ರಕರಣಗಳನ್ನು ಆದಷ್ಟು ಆರು ತಿಂಗಳಲ್ಲಿ ಮುಗಿಸಿ ಅಂತ ಕೆಳಗಿನ ಕೋರ್ಟುಗಳಿಗೆ ಕೇಳಿಕೊಂಡಿತು. ಆ ಪೀಠದಲ್ಲಿ ಇದ್ದ ಒಬ್ಬರು, ನ್ಯಾಯಮೂರ್ತಿ ಅಬ್ದುಲ್ ನಜೀರ್, ದಕ್ಷಿಣ ಕನ್ನಡದವರು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕೊರೊನಾ ಕಾಲ, ಶಾಲೆ ಇರಲಿಲ್ಲ, ನಾನು ತವರಿನಲ್ಲಿದ್ದೆ. ಟೀವಿಯಲ್ಲಿ ಕೆಳಗೆ ಸುದ್ದಿ ಓಡುತ್ತಿತ್ತು. ಅಪ್ಪ ಓದಿ ನನ್ನ ಕಡೆ ತಿರುಗಿ ನಕ್ಕರು. "ಹಂಗಾದ್ರೆ ನಿನಗೂ ಎರಡು ಎಕರೆ ಬಂತು ಬಿಡು." ನಾನೂ ನಕ್ಕೆ. ತಮ್ಮನ ಹೆಂಡತಿ ಒಳಗಿಂದ ಕಾಫಿ ತಂದಳು. ಮಾತು ಬೇರೆ ಕಡೆ ಹೋಯಿತು.

ಈ ಇಡೀ ದಾರಿ ಹೇಳಿದ್ದು ಯಾಕೆ ಅಂದರೆ, ಇದಕ್ಕೆಲ್ಲ ಹಿಡಿದ ಕಾಲ ನೋಡಿ. ಮೈಸೂರಿನ ಕಾಯ್ದೆಯಿಂದ ಲೆಕ್ಕ ಹಾಕಿದರೆ 87 ವರ್ಷ. ಅಷ್ಟು ಜನ ಬರೆದರು, ವಾದಿಸಿದರು, ರಾಜೀನಾಮೆ ಕೊಟ್ಟರು, ಕೋರ್ಟಿನ ಮೆಟ್ಟಿಲು ಹತ್ತಿ ಮುದುಕಿಯರಾದರು. ಅಷ್ಟೆಲ್ಲ ಆಗಿ ನಮ್ಮ ಕೈಗೆ ಬಂದದ್ದು ಏನು? ಮೊದಲು ನಮ್ಮ ಸಹಿಯೂ ಯಾರಿಗೂ ಬೇಕಿರಲಿಲ್ಲ. ಈಗ ಸಹಿ ಬೇಕು. ನಮ್ಮ ಊರಿನ ಕಡೆ 2005ರ ಕಾನೂನು ಮಾಡಿದ ಬದಲಾವಣೆ ಅಂದರೆ ಇದೇ. ನಾನು ಕಂಡಂತೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂರುವ 7 ಜನ ಟೀಚರುಗಳಲ್ಲಿ 5 ಜನ ಹೀಗೆ ಸಹಿ ಹಾಕಿ ಬಂದವರು. ಪಾಲು ಪಡೆದವರು ಒಬ್ಬರು, ಅವರಿಗೆ ಅಣ್ಣತಮ್ಮಂದಿರಿಲ್ಲ.

ಇನ್ನು ಆ ಗುರುವಾರದ ವಿಷಯ.

ಬೆಳಿಗ್ಗೆ 11ಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಎದುರಿನ ಪತ್ರ ಬರಹಗಾರರ ಅಂಗಡಿಯಲ್ಲಿ ಪತ್ರ ಆಗಲೇ ಸಿದ್ಧವಾಗಿತ್ತು. ನಮ್ಮ ಆಧಾರ್ ಕಾರ್ಡ್ ಜೆರಾಕ್ಸ್ ಮಾತ್ರ ಬಾಕಿ. "ಇಲ್ಲಿ ಹಾಕಮ್ಮ, ಇಲ್ಲಿ, ಇಲ್ಲಿ" ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟರು. ಬೆರಳಿನ ಕೆಳಗೆ ಪುಟ ಸರಿಸುತ್ತಿದ್ದರು, ಮೇಲಿನ ಸಾಲು ಕಾಣುತ್ತಿರಲಿಲ್ಲ. ಓದಿ ನೋಡ್ತೀನಿ ಅನ್ನಬಹುದಿತ್ತು. ಯಾಕೆ ಅನ್ನಲಿಲ್ಲ ಅಂತ ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ತಮ್ಮ ಪಕ್ಕದಲ್ಲೇ ನಿಂತು ಎಳನೀರು ಕುಡೀತೀಯಾ ಅಕ್ಕ ಅಂತ ಕೇಳುತ್ತಿದ್ದ. ಅವನ ಎದುರಿಗೆ ಓದಲು ಕೂತರೆ ನಂಬಿಕೆ ಇಲ್ಲ ಅಂದ ಹಾಗೆ. ಅಷ್ಟೇ ಕಾರಣ. ಅಷ್ಟು ಸಣ್ಣ ಕಾರಣಕ್ಕೆ.

ಸರ್ವರ್ ಇಲ್ಲ ಅಂತ 4 ಗಂಟೆ ತನಕ ಕಾದೆವು. ಒಳಗೆ ಕರೆದ ಮೇಲೆ ನಮ್ಮಿಬ್ಬರದೂ ಸೇರಿ ಐದು ನಿಮಿಷ ಹಿಡಿಯಲಿಲ್ಲ. ಹೆಬ್ಬೆಟ್ಟು, ಫೋಟೊ. "ಸಹಿ ನಿಮ್ಮದೇನಾ? ಒಪ್ಪಿಗೆ ಇದೆಯಾ?" ಕೇಳಿದವರು ಕಂಪ್ಯೂಟರ್ ನೋಡುತ್ತಿದ್ದರು. ನಾನು ಕ್ಯಾಮೆರಾ ನೋಡುತ್ತಿದ್ದೆ. ಹೂಂ ಅಂದೆ. ಪತ್ರದಲ್ಲಿ ಅಚ್ಚಾಗಿರುವ ನನ್ನ ಫೋಟೊದಲ್ಲಿ ಭುಜದ ಹಿಂದೆ ಒಂದು ನೀಲಿ ಶರ್ಟಿನ ತೋಳು ಕಾಣುತ್ತದೆ. ಅದು ತಮ್ಮನದು.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿ ಪಕ್ಕ ಕೂತಿದ್ದಳು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕ, ಈಗ ನಾವು ಏನು ಬರ್ಕೊಟ್ವಿ?" ಅವಳ ಗಂಡನಿಗೆ ಕಿಡ್ನಿ ತೊಂದರೆ. ವಾರಕ್ಕೆರಡು ಸಲ ಡಯಾಲಿಸಿಸ್. ಬ್ಯಾಂಕಿನ ಸಹಿ ಕಣೆ ಅಂದೆ. ನಾನು ಅವಳಿಗಿಂತ ಜಾಸ್ತಿ ಓದಿದವಳು.

ಎರಡು ತಿಂಗಳಾದ ಮೇಲೆ ದೃಢೀಕೃತ ನಕಲು ತೆಗೆಸಿ ಓದಿದೆ. ನನ್ನ ವಿದ್ಯಾರ್ಥಿಯೊಬ್ಬನ ತಾಯಿ ವಕೀಲರು, ಅವರು ಹೇಳಿದ ಮೇಲೆ. "ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ" ಅಂತಿದೆ. "ಅರಿಶಿನ ಕುಂಕುಮದ ಬಾಬ್ತು" ತಲಾ 50,000 ರೂಪಾಯಿ ಪಡೆದಿದ್ದೇವೆ ಅಂತಿದೆ. ನಮಗೆ ಬಂದದ್ದು ಐದೈದು ಸಾವಿರ ಮತ್ತು ಆ ಸೀರೆ. ಅದಕ್ಕಿಂತ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. "ಮದುವೆಯ ಕಾಲದಲ್ಲಿ ಒಡವೆ, ವಸ್ತ್ರ, ವರೋಪಚಾರ ಎಲ್ಲವನ್ನೂ ಪಡೆದಿರುವುದರಿಂದ" ನನಗೆ ಈ ಸ್ವತ್ತಿನಲ್ಲಿ ಯಾವ ಹಕ್ಕೂ ಇಲ್ಲವಂತೆ. ವರೋಪಚಾರ ಅಂದರೆ ಏನು ಅಂತ ತಮಗೂ ಗೊತ್ತು, ನನಗೂ ಗೊತ್ತು. 1961ರಿಂದ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅದನ್ನು ಕೊಟ್ಟಿದ್ದೇವೆ ಅಂತ ಸರ್ಕಾರದ ಮೊಹರು ಹಾಕಿಸಿ ನೋಂದಣಿ ಮಾಡಿಸಬಹುದು. ಅದರ ಆಧಾರದ ಮೇಲೆ ಮಗಳ ಜಮೀನು ಬಿಡಿಸಿಕೊಳ್ಳಬಹುದು. ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಈ ಸಾಲು ಮೊದಲೇ ಟೈಪಾಗಿ ಕೂತಿರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ.

ನೋಂದಣಿ ಕಾಯ್ದೆ 1908ರದ್ದು. ಸಹಿ ಹಾಕಿದವರು ಇವರೇನಾ, ತಾನು ಹಾಕಿದ್ದು ಅಂತ ಒಪ್ಪುತ್ತಾರಾ, ಇಷ್ಟು ನೋಡುವುದು ಉಪನೋಂದಣಾಧಿಕಾರಿಗಳ ಕೆಲಸ. ಪತ್ರದಲ್ಲಿ ಬರೆದದ್ದು ನ್ಯಾಯವೋ ಅಲ್ಲವೋ ಅಂತ ವಿಚಾರಣೆ ಮಾಡುವ ಅಧಿಕಾರ ಅವರಿಗಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅದೇ ಕಾಲದ ಕೋರ್ಟುಗಳು ಇನ್ನೊಂದು ಮಾತನ್ನೂ ಹೇಳಿದ್ದವು. ಪರದೆಯ ಹಿಂದೆ ಇರುವ ಹೆಂಗಸರಿಂದ ಆಸ್ತಿ ಪತ್ರ ಬರೆಸಿಕೊಂಡರೆ, ಅದನ್ನು ಓದಿ ಹೇಳಿದ್ದಾರೆ, ಆಕೆಗೆ ಅರ್ಥವಾಗಿತ್ತು ಅಂತ ಬರೆಸಿಕೊಂಡವರೇ ಸಾಬೀತು ಮಾಡಬೇಕು ಅಂತ. ಆಮೇಲೆ ಓದು ಬಾರದ ಹೆಂಗಸರಿಗೂ ಆ ರಕ್ಷಣೆ ಹಬ್ಬಿತು. ನಾನು ಪರದೆಯ ಹಿಂದೆ ಇರುವವಳಲ್ಲ. ಸ್ಕೂಟಿಯಲ್ಲಿ ಶಾಲೆಗೆ ಹೋಗುತ್ತೇನೆ, ಬಿ.ಎಡ್. ಮಾಡಿದ್ದೇನೆ. ಹಾಗಾಗಿ ನನಗೆ ಯಾರೂ ಏನನ್ನೂ ಓದಿ ಹೇಳಬೇಕಾಗಿಲ್ಲ.

ಪತ್ರ ರದ್ದು ಮಾಡಿಸಲು ದಾರಿ ಇದೆ. ವಿಷಯ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಸಾಕು. ಇದನ್ನು ಇಲ್ಲಿ ಬರೆಯುವುದು ಓದುವ ಬೇರೆ ಅಕ್ಕತಂಗಿಯರಿಗಾಗಿ. ಆದರೆ ದಾವೆ ಅಂದರೆ ತಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸುವುದು. ಗೆದ್ದರೆ ಜಮೀನು ಬರುತ್ತದೆ, ತವರು ಹೋಗುತ್ತದೆ. ಈ ಲೆಕ್ಕ ಎಲ್ಲ ಅಣ್ಣತಮ್ಮಂದಿರಿಗೂ ಗೊತ್ತು. ಆದ್ದರಿಂದಲೇ ನಾನು ಕೇಳುತ್ತಿರುವುದು ಕೋರ್ಟಿನ ಬಾಗಿಲಲ್ಲಿ ಅಲ್ಲ, ತಮ್ಮ ಇಲಾಖೆಯ ಮೇಜಿನ ಮುಂದೆ. ಹಕ್ಕು ಬಿಡಬೇಕು ಅಂತ ನಿಜವಾಗಿ ಅನ್ನಿಸಿದವಳು ಬಿಡಲಿ. ನಾನೂ ತೋಟದ ಪಾಲನ್ನು ತಮ್ಮನಿಗೇ ಬಿಡುತ್ತಿದ್ದೆನೋ ಏನೋ. ಅಪ್ಪನನ್ನು ನೋಡಿಕೊಂಡದ್ದಕ್ಕೆ ಅದು ಜಾಸ್ತಿ ಏನಲ್ಲ. ಆದರೆ ಬಿಡುವುದಕ್ಕೆ ಮೊದಲು ನನ್ನ ಕೈಯಲ್ಲಿ ಏನಿದೆ ಅಂತ ನನಗೆ ಗೊತ್ತಿರಬೇಕಿತ್ತು.

ಹಾಗಾಗಿ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು.

ಹಕ್ಕು ಬಿಡುಗಡೆ ಪತ್ರ ನೋಂದಣಿಗೆ ಬಂದಾಗ ಹೆಣ್ಣುಮಗಳನ್ನು ಒಬ್ಬಳನ್ನೇ ಒಳಗೆ ಕರೆದು ಕೇಳುವಂತೆ ಒಂದು ಸುತ್ತೋಲೆ ಹೊರಡಿಸಿ. ಬರೆಸಿಕೊಳ್ಳುವವರು ಬಾಗಿಲ ಹೊರಗೆ ನಿಲ್ಲಲಿ. ಫೋಟೊದಲ್ಲಿ ಬೇರೆ ಯಾರ ತೋಳೂ ಬೀಳಬಾರದು. ಆಕೆಯ ಕೈಗೆ ಒಂದೇ ಪುಟದ, ದಪ್ಪ ಅಕ್ಷರದ ಕನ್ನಡ ಹಾಳೆ ಕೊಡಿ. ಈ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಇದೆ. ಇದರಲ್ಲಿ ನಿಮ್ಮ ಪಾಲು ಇಷ್ಟು ಅಂತ ಪತ್ರ ಬರೆಸಿದವರು ತೋರಿಸಿದ್ದಾರೆ. ಸರ್ಕಾರದ ಮಾರ್ಗಸೂಚಿ ಬೆಲೆಯಲ್ಲಿ ಅದಕ್ಕೆ ಇಷ್ಟು ರೂಪಾಯಿ. ಸಹಿ ಹಾಕಿದರೆ ಇದು ಹೋಗುತ್ತದೆ. ಇಷ್ಟು ಸಾಕು. ಮಾರ್ಗಸೂಚಿ ಬೆಲೆ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಕಾಯ್ದೆ ತಿದ್ದಬೇಕಿಲ್ಲ, ಪ್ರಿಂಟ್ ಕೊಟ್ಟರೆ ಆಯಿತು. ವರೋಪಚಾರದ ಸಾಲು ಇರುವ ಪತ್ರವನ್ನು ತಿದ್ದಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುವ ಅಧಿಕಾರ ಅವರಿಗಿಲ್ಲದಿದ್ದರೆ, ಆ ಅಧಿಕಾರ ಕೊಡಿ.

ವಂಶವೃಕ್ಷದ್ದು ಇನ್ನೂ ಮುಖ್ಯ. ಯಾಕೆ ಅಂದರೆ ಅಲ್ಲಿ ಹೆಸರೇ ಇಲ್ಲದಿದ್ದರೆ ಸಹಿಯ ಪ್ರಶ್ನೆಯೂ ಬರುವುದಿಲ್ಲ. ಸತ್ತವರ ಹೆಸರಲ್ಲಿರುವ ಪಹಣಿಗಳನ್ನು ವಾರಸುದಾರರಿಗೆ ಮಾಡಿಕೊಡಲು ತಮ್ಮ ಇಲಾಖೆ ಪೌತಿ ಖಾತೆ ಅಭಿಯಾನ ನಡೆಸುತ್ತಿದೆ. ಒಳ್ಳೆಯ ಕೆಲಸ. ಆದರೆ ಬೇಗ ಬೇಗ ಮಾಡುವ ಭರದಲ್ಲಿ ಊರೂರಿನಲ್ಲಿ ಅಪ್ಪ, ಕೆಳಗೊಂದು ಗೆರೆ, ಗೆರೆಯ ಕೆಳಗೆ ಮಗ ಅಂತಲೇ ಬರೆದು ಬಿಟ್ಟರೆ, ಈಗ ಬಾಯಿಮಾತಿನಲ್ಲಿ ಇರುವ ಅನ್ಯಾಯ ಸರ್ಕಾರಿ ದಾಖಲೆಯಾಗಿ ಬಿಡುತ್ತದೆ. ಪಹಣಿಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಅಂತ ಕೋರ್ಟುಗಳು ಎಷ್ಟು ಸಲ ಹೇಳಿದ್ದರೂ ಊರಲ್ಲಿ ಪಹಣಿಯೇ ಎಲ್ಲ. ಅರ್ಜಿಯಲ್ಲಿ "ಹೆಣ್ಣುಮಕ್ಕಳು" ಅನ್ನುವ ಕಾಲಂ ಖಾಲಿ ಬಿಡಲು ಆಗಬಾರದು. ಇಲ್ಲ ಅಂದರೆ ಇಲ್ಲ ಅಂತ ಬರೆದು ಅರ್ಜಿದಾರರು ಸಹಿ ಹಾಕಲಿ, ಸುಳ್ಳಾದರೆ ಏನಾಗುತ್ತದೆ ಅಂತ ಅಲ್ಲೇ ಅಚ್ಚಾಗಿರಲಿ. ರೇಷನ್ ಕಾರ್ಡು, ಶಾಲಾ ದಾಖಲಾತಿ ಹೀಗೆ ಸರ್ಕಾರದ ಬಳಿಯೇ ನಮ್ಮ ಅಪ್ಪಂದಿರ ಹೆಸರಿನ ಜೊತೆ ನಮ್ಮ ಹೆಸರು ಇರುವ ಕಾಗದಗಳು ಬೇಕಾದಷ್ಟಿವೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿದೆ.

ಮ್ಯುಟೇಶನ್ (ಖಾತೆ ಬದಲಾವಣೆ) ನೋಟಿಸನ್ನು ಊರಿನ ಚಾವಡಿಯ ಗೋಡೆಗೆ ಅಂಟಿಸುತ್ತಾರೆ. ಆ ಗೋಡೆ ನೋಡಲು 60 ಕಿಲೋಮೀಟರ್ ದೂರದ ನನ್ನ ಮನೆಯಿಂದ ನಾನು ದಿನಾ ಹೋಗುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಊರಲ್ಲಿ ಇರುವುದಿಲ್ಲ ಅನ್ನುವುದು ಇಲಾಖೆಗೆ ಹೊಸ ವಿಷಯವೇನಲ್ಲ. ಗ್ಯಾಸ್ ಬುಕ್ ಮಾಡಿದರೆ ಮೆಸೇಜ್ ಬರುತ್ತದೆ, ಮಕ್ಕಳು ಶಾಲೆಗೆ ಬರದಿದ್ದರೆ ನಾವೇ ಪೋಷಕರಿಗೆ ಮೆಸೇಜ್ ಕಳಿಸುತ್ತೇವೆ. ಅಪ್ಪನ ಜಮೀನಿನ ಖಾತೆ ಬದಲಾದರೆ ಮಗಳ ಫೋನಿಗೂ ಒಂದು ಮೆಸೇಜ್ ಬರಲಿ, ಆಮೇಲೆ ಆಕ್ಷೇಪಣೆಯ ದಿನಗಳು ಶುರುವಾಗಲಿ.

ಎಲ್ಲರ ಹೆಸರೂ ಪಹಣಿಯಲ್ಲಿ ಕೂತರೆ ಒಂದು ಸಾಲಕ್ಕೆ ಆರು ಜನರ ಸಹಿ ಬೇಕು, ಜಮೀನು ಮಾಡುವವನಿಗೆ ತೊಂದರೆ ಅಂತ ಒಂದು ಮಾತಿದೆ. ತಮ್ಮ ಕಚೇರಿಯವರೂ ಅದನ್ನೇ ಹೇಳಬಹುದು. ಸುಳ್ಳಲ್ಲ. ನನ್ನ ತಮ್ಮನ ಕಷ್ಟವೂ ಅದೇ ಆಗಿತ್ತು. ಆದರೆ ಅದಕ್ಕೆ ಔಷಧ ನಮ್ಮ ಹೆಸರು ಅಳಿಸುವುದಲ್ಲ. ಬೇಸಾಯದ ಸಾಲಕ್ಕೆ ಮಾತ್ರ ಒಬ್ಬರಿಗೆ ಒಪ್ಪಿಗೆ ಕೊಡುವ, ವರ್ಷ ಕಳೆದರೆ ತಾನಾಗಿ ಮುಗಿಯುವ ಒಂದು ಸರಳ ಪತ್ರ ಮಾಡಿಕೊಡಿ. ಅಂಥದ್ದು ಇದ್ದಿದ್ದರೆ ಆ ಗುರುವಾರ ನಾನು ಹಾಕಬೇಕಾಗಿದ್ದ ಸಹಿ ಅದು. ತಮ್ಮನಿಗೆ ಬೇಕಾಗಿದ್ದದ್ದು ಬೋರ್‌ವೆಲ್. ಅದಕ್ಕೆ 4 ಎಕರೆ ಬರೆದುಕೊಡಬೇಕಾಗಿ ಬಂತು, ಯಾಕೆ ಅಂದರೆ ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಇದ್ದದ್ದು ಆ ಒಂದೇ ನಮೂನೆ.

ಇನ್ನೊಂದು. ವರ್ಷಕ್ಕೆ ಎಷ್ಟು ಹಕ್ಕು ಬಿಡುಗಡೆ ಪತ್ರಗಳು ನೋಂದಣಿಯಾಗುತ್ತವೆ, ಅದರಲ್ಲಿ ಬಿಟ್ಟುಕೊಟ್ಟವರು ಎಷ್ಟು ಜನ ಹೆಂಗಸರು, ಎಷ್ಟು ಜನ ಗಂಡಸರು ಅನ್ನುವುದನ್ನು ತಾಲ್ಲೂಕುವಾರು ಪ್ರಕಟಿಸಿ. ಅಣ್ಣನೊಬ್ಬ "ಸ್ವಸಂತೋಷದಿಂದ" ತಂಗಿಗೆ ಬಿಟ್ಟುಕೊಟ್ಟ ಪತ್ರ ಎಷ್ಟಿದೆ ಅಂತ ನೋಡುವ ಆಸೆ ನನಗೆ.

ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಸಂವಿಧಾನದ ಪೀಠಿಕೆ ಓದುತ್ತೇವೆ. ಸರ್ಕಾರದ್ದೇ ಆದೇಶ ಅದು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು "ಸಮಾನತೆ" ಅನ್ನುವ ಪದವನ್ನು ಎರಡು ತುಂಡು ಮಾಡಿ ಓದುತ್ತಾಳೆ. ತಿದ್ದುವುದು ನನ್ನ ಕೆಲಸ.

ಹೆಸರು ಹಾಕದೆ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಹಾಕಿದರೆ ತಮ್ಮನ ಹೆಸರೂ ಊರಿಗೆ ಗೊತ್ತಾಗುತ್ತದೆ. ಕಳಿಸುವ ಮುಂಚೆ ಈ ಪತ್ರವನ್ನು ಅವನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ನೀಲಿ ಶರ್ಟಿನದ್ದೂ ಬಿಡಲಿಲ್ಲ. ಆ ಕಡೆಯಿಂದ ಮೋಟಾರಿನ ಸದ್ದು ಕೇಳುತ್ತಿತ್ತು, ಹೊಸ ಬೋರ್‌ವೆಲ್‌ನದ್ದು. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾಲ ಒಂದು ತೀರಲಿ ಅಕ್ಕ, ಕೂತು ಮಾತಾಡೋಣ" ಅಂದ. ಸರಿ ಕಣೋ ಅಂದೆ. ನಕಲು ಓದಿದ ದಿನದ ತಾರೀಖನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. 3 ವರ್ಷಕ್ಕೆ ಇನ್ನೂ ಸಮಯವಿದೆ.

ತಮ್ಮ ಉತ್ತರಕ್ಕಾಗಿ ಕಾಯುವ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ,
ತುಮಕೂರು ಜಿಲ್ಲೆ.

ಪ್ರತಿ: ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕಗಳ ಆಯುಕ್ತರು, ಬೆಂಗಳೂರು.